ಗೃಹಸ್ಥ ಗಂಧರ್ವ

ಸಂಗೀತಗಾರರಲ್ಲಿ ಸಭೆಗೆ ಹಾಡುವವರು, ದೇವರಿಗೆ ಹಾಡುವವರು, ತಮಗೆ ತಾವೇ ಹಾಡಿಕೊಳ್ಳುವವರು ಎಂದು ಮೂರು ವರ್ಗಗಳಿದ್ದುದನ್ನು ನಾನು ಬಾಲ್ಯದಿಂದಲೂ ಬಲ್ಲೆನು. ಇವರಲ್ಲಿ ಮೂರನೆಯವರು ನಿರುಪದ್ರವಿಗಳು. ಈಚಿನ ವರ್ಷಗಳಲ್ಲಿ ನಾಲ್ಕನೆಯ ವರ್ಗವೊಂದು ತಲೆಯೆತ್ತಿದೆ. ಈ ವರ್ಗದ ಮಹಾಶಯನು ತಾನೇ ಪದ್ಯ ರಚಿಸಿ, ತಾನೇ ಧಾಟಿ ಕೂಡಿಸಿ, ಮನೆಯ ಹಿಂಬದಿಯ ಕೋಣೆಯೊಂದಕ್ಕೆ ಸ್ಟುಡಿಯೋ ಎಂದು ನಾಮಕರಣ ಮಾಡಿ, ಅಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಗಾಯಕನೂ ವಾದಕನೂ ಮುದ್ರಕನೂ ವಿಮರ್ಶಕನೂ ತಾನೇ ಆಗಿ, ಉಳಿದ ಒಂದೇ ಒಂದು ಸ್ಥಾನವನ್ನು, ಅಂದರೆ ಶ್ರೋತೃವಿನ ಸ್ಥಾನವನ್ನು, ಉದಾರಬುದ್ಧಿಯಿಂದ ನೆರೆಮನೆಯವನಿಗೆ ಬಿಟ್ಟುಕೊಡುತ್ತಾನೆ. ಇಂಥವನು ಬ್ರಹ್ಮಚಾರಿಯಾಗಿರುವವರೆಗೆ ಬಾಧೆ ಸಹ್ಯ, ವಿವಾಹಿತನಾದರೂ ಚಿಂತೆಯಿಲ್ಲ, ಆದರೆ ಅವನು ತಂದೆಯಾದನೆಂದರೆ ಆ ನೆರೆಯವನ ಅವಸ್ಥೆ ಶೋಚನೀಯವಾಗುತ್ತದೆ.

ಆ ನೆರೆಯವನು ನಾನು.

ಬೆಳಗಾವಿಯಲ್ಲಿ ಕಣಬರ್ಗಿಯ ಕಡೆಗಿರುವ ಆಟೋ ನಗರವನ್ನು ಕಂಡವರು, ಸಂಗೀತಗಾರನೊಬ್ಬ ಸ್ವಸ್ಥಚಿತ್ತದಿಂದ ಅಲ್ಲಿ ಬಿಡಾರ ಮಾಡಿಯಾನೇ ಎಂದು ಸಂಶಯಪಡುವುದು ಸಹಜ. ಕ್ರಿಕೆಟ್ಟಿನ ಮೈದಾನವೊಂದನ್ನು ಬಿಟ್ಟರೆ ಅಲ್ಲಿ ಕಣ್ಣಿಗೂ ಕಿವಿಗೂ ಬೀಳತಕ್ಕದ್ದೆಲ್ಲ ಗ್ಯಾರೇಜುಗಳು, ಲೇಥುಗಳು, ವೆಲ್ಡಿಂಗಿನ ಶೆಡ್ಡುಗಳು, ಲಾರಿಯ ಪಾಟಾಗಳನ್ನು ಬಡಿದು ನೆಟ್ಟಗೆ ಮಾಡುವವರು, ನುಗ್ಗಾದ ಬಾಗಿಲುಗಳನ್ನು ಸುತ್ತಿಗೆಯಿಂದ ತಟ್ಟಿ ತಟ್ಟಿ ಪೂರ್ವಾಶ್ರಮಕ್ಕೆ ಮರಳಿಸುವ ಡೆಂಟಿಂಗಿನ ಮಿಸ್ತ್ರಿಗಳು. ಅಂಥದೊಂದು ಶೆಡ್ಡಿನ ಮೇಲಿನ ಮಾಳಿಗೆಯಲ್ಲಿ ನಮ್ಮ ಗಂಧರ್ವನ ವಾಸ. ಬಾಡಿಗೆ ಅಗ್ಗವೆಂಬುದೇ ನಿಜವಾದ ಕಾರಣವೆಂದು ಎಲ್ಲರಿಗೂ ಗೊತ್ತಿದ್ದರೂ, ಕೇಳಿದವರಿಗೆ ಅವನು ಕೊಡುವ ಉತ್ತರ ಬೇರೆ: “ಇಲ್ಲೆ ಲಯಾ ಅದರಿ ಕಾಕಾ. ಊರಾಗ ಎಲ್ಲೆ ಹೋದರೂ ಈ ಲಯಾ ಸಿಗೂದಿಲ್ಲ.”

ಅವನನ್ನು ಗಂಧರ್ವನೆಂದು ನಾನು ಕರೆಯುವುದಕ್ಕೆ ಅವನೇ ಹೊಣೆ. ಕುಮಾರ ಗಂಧರ್ವರು ಹುಟ್ಟಿದ ಸುಳೇಭಾವಿ ನಮ್ಮ ಊರಿಗೆ ಅನತಿದೂರದಲ್ಲಿದೆ. ಊರೊಳಗೆ ಅವರ ಹೆಸರಿನ ರಂಗಮಂದಿರವೂ ಉಂಟು. 1924 ರಲ್ಲಿ ಜನಿಸಿದ ಆ ಶಿವಪುತ್ರನು ಇನ್ನೂ ಬಾಲಕನಿರುವಾಗಲೇ ದೊಡ್ಡ ದೊಡ್ಡ ಉಸ್ತಾದರ ಗಾಯನವನ್ನು ಕೇಳಿ ಕೇಳಿದಂತೆಯೇ ಹಾಡಿ ಬಿರುದು ಪಡೆದನೆಂಬುದು, ನೆರೆಹೊರೆಯ ಊರಿನವನಾದ ತನ್ನ ಭವಿಷ್ಯಕ್ಕೂ ಪ್ರಮಾಣಪತ್ರವೆಂದೇ ನಮ್ಮವನ ನಂಬಿಕೆ. ಮುಂದೆ ಕುಮಾರರು ಕ್ಷಯರೋಗಕ್ಕೆ ತುತ್ತಾಗಿ ಮಾಳವದ ದೇವಾಸದಲ್ಲಿ ವರ್ಷಗಟ್ಟಲೆ ಹಾಡಲಾಗದೆ ಮಲಗಿ, ಕಿಟಕಿಯಾಚೆಯ ಜನಪದ ಧಾಟಿಗಳನ್ನು ಆಲಿಸುತ್ತ, ಎದ್ದ ಮೇಲೆ ಹೊಸತೊಂದು ಗಾನಲೋಕವನ್ನೇ ಕಟ್ಟಿದರಷ್ಟೆ? ಆ ಕಥೆಯನ್ನು ಇವನು ಹೇಳಿ ಮುಗಿಸುವ ರೀತಿ ಹೀಗೆ: “ಅವರಿಗೆ ಐದು ವರ್ಷದ ಮೌನಾ ಸಿಕ್ಕಿತ್ತು ಕಾಕಾ, ನನಗ ಐದು ಮಿನಿಟು ಸಿಗವಲ್ದು.” ಆ ಮೌನಕ್ಕೆ ಅವರು ಒಂದು ಶ್ವಾಸಕೋಶವನ್ನೇ ತೆತ್ತಿದ್ದರಪ್ಪಾ ಎಂದು ನಾನು ನೆನಪು ಮಾಡಿಕೊಟ್ಟರೆ, ಅವನು ತನ್ನ ಎದೆಯನ್ನು ಒಮ್ಮೆ ಮುಟ್ಟಿ ನೋಡಿಕೊಂಡು ಸುಮ್ಮನಾಗುತ್ತಾನೆ.

ಹೊಟ್ಟೆಯ ಪಾಡಿಗೆ ಅವನು ಮಾಡದ ಹಾಡಿಲ್ಲ. ಸವದತ್ತಿಯ ಎಲ್ಲಮ್ಮನ ಹಾಡು, ಗಣೇಶೋತ್ಸವದ ಹಾಡು, ಪ್ರಚಾರದ ರಿಕ್ಷಾಗಳ ಮೇಲೆ ಊರೆಲ್ಲ ಮೊಳಗುವ ಸೀರೆ ಅಂಗಡಿಯ ಹಾಡು, ಚುನಾವಣೆ ಬಂದರೆ ಒಂದೇ ಧಾಟಿಯಲ್ಲಿ ಪರಸ್ಪರ ವಿರುದ್ಧವಾದ ಇಬ್ಬರು ಅಭ್ಯರ್ಥಿಗಳ ಹಾಡು. ಇವೆಲ್ಲ ಅವನ ಭಾಷೆಯಲ್ಲಿ ‘ಕಿರಾಣಿ ಹಾಡು’. ಹೃದಯದ ಹಾಡುಗಳು ಬೇರೆ ಇವೆ, ಅವು ಇನ್ನೂ ಮುಗಿಯಬೇಕಾಗಿವೆ. ಅವು ಮುಗಿಯದಿರುವುದಕ್ಕೆ ಒಂದು ಕಾರಣ, ಅವನಿಗೆ ಧಾಟಿ ಮೊದಲು ಬರುತ್ತದೆ, ಮಾತು ಬರುವುದಿಲ್ಲ. ಮಾತಿನ ಸ್ಥಾನದಲ್ಲಿ ‘ತಾನನಾ ನಾನನಾ’ ಎಂದು ತುಂಬಿಕೊಂಡು, ನಾನು ಊಟಕ್ಕೆ ಕೂಡುವ ಹೊತ್ತನ್ನು ಅದೆಂತೋ ತಿಳಿದುಕೊಂಡು ಒಳಗೆ ಬರುತ್ತಾನೆ. “ಕಾಕಾ, ನೀವು ಕನ್ನಡದ ಮಾಸ್ತರರು. ಇಲ್ಲೆ ಮೂರಕ್ಷರದ್ದೊಂದು ಶಬ್ದ ಬೇಕಾಗೇದ, ಕಡೀಕ ‘ನಾ’ ಬರಬೇಕು, ಅರ್ಥ ಹ್ಯಾಂಗಿದ್ರೂ ನಡೀತದ.” ಹಳಗನ್ನಡ ಕಾವ್ಯಗಳನ್ನು ಆಯುಷ್ಯವೆಲ್ಲ ಬೋಧಿಸಿ ನಿವೃತ್ತನಾದವನಿಗೆ ಅರ್ಥ ಹೇಗಿದ್ದರೂ ನಡೆಯುವ ಶಬ್ದಗಳು ಬಾಯಿಗೆ ಬಾರವು, ಅನ್ನ ಮಾತ್ರ ತಣ್ಣಗಾಗುತ್ತದೆ.

ಇಷ್ಟರಲ್ಲಿ ಅವನಿಗೆ ಹೆಣ್ಣುಮಗು ಹುಟ್ಟಿತು. ಹೆಂಡತಿಯ ತವರು ಖಾನಾಪುರ. ಆ ಸಮಯಕ್ಕೆ ಸರಿಯಾಗಿ ತವರುಮನೆಯ ಹೆಂಚು ಇಳಿಸಿ ಹೊಸದಾಗಿ ಹೊದಿಸುವ ಕೆಲಸ ನಡೆದಿದ್ದುದರಿಂದ, ಬಾಣಂತನ ಆಟೋ ನಗರದಲ್ಲಿಯೇ ಎಂದು ನಿಶ್ಚಯವಾಗಿ, ಅತ್ತೆಯವರು ಅಳವಿ, ಅಂಟಿನುಂಡಿ, ಗುಟ್ಟಿ ತೇಯುವ ಕಲ್ಲು, ಕುಂಚಿಗೆಗಳು ಮತ್ತು ಒಂದು ಹೊರೆ ಕೌದಿಗಳೊಂದಿಗೆ ಆಗಮಿಸಿದರು. ಅಳಿಯನು ಅಳವಿಯನ್ನು ನೋಡಲಿಲ್ಲ, ಗುಟ್ಟಿಯನ್ನು ನೋಡಲಿಲ್ಲ, ಕೌದಿಗಳನ್ನು ನೋಡಿದನು. ಅಲ್ಲಿಯವರೆಗೆ ಅವನು ಸ್ಟುಡಿಯೋದ ಗೋಡೆಗಳಿಗೆ ತತ್ತಿ ಇಡುವ ರಟ್ಟಿನ ತಟ್ಟೆಗಳನ್ನು ಅಂಟಿಸಿಕೊಂಡು ಶಬ್ದ ನಿವಾರಣೆಯಾಯಿತೆಂಬ ಭ್ರಮೆಯಲ್ಲಿದ್ದನು. ಆ ತಟ್ಟೆಗಳು ಒಳಗಿನ ಪ್ರತಿಧ್ವನಿಯನ್ನು ಅಷ್ಟಿಷ್ಟು ಒಡೆಯಬಹುದೇ ಹೊರತು ಹೊರಗಿನ ಸುತ್ತಿಗೆಯನ್ನು ತಡೆಯಲಾರವು. ಅದಕ್ಕೆ ದಪ್ಪವಾದ, ಭಾರವಾದ ಗೋಡೆಯೇ ಬೇಕು. ಹಳೆಯ ಸೀರೆಗಳನ್ನು ಪದರಪದರವಾಗಿ ಒತ್ತಿ, ಅಂಗುಲ ಅಂಗುಲಕ್ಕೂ ದಾರವೋಡಿಸಿ ಹೊಲಿದ ಕೌದಿಯಾದರೋ ಪ್ರತಿಧ್ವನಿಯನ್ನು ಚೆನ್ನಾಗಿ ಹೀರುತ್ತದೆ. ಮರುದಿನ ಬೆಳಗ್ಗೆ ಮೊಮ್ಮಗಳಿಗೆ ಹಾಸಲು ಕೌದಿ ಹುಡುಕಿದ ಅಜ್ಜಿಗೆ ಅವೆಲ್ಲ ಸ್ಟುಡಿಯೋದ ಗೋಡೆಯ ಮೇಲೆ ಮೊಳೆ ಹೊಡೆಸಿಕೊಂಡು ನೇತಾಡುತ್ತಿದ್ದುದು ಕಾಣಿಸಿತು. ಕೋಣೆಯು ಚಳಿಜ್ವರ ಬಂದವರಂತೆ ಕೌದಿ ಹೊದ್ದು ನಿಂತಿತ್ತು. ಅತ್ತೆಯವರು ಏನೂ ಅನ್ನಲಿಲ್ಲ. ಒಂದೊಂದೇ ಮೊಳೆಯನ್ನು ಅಡಕೊತ್ತಿನಿಂದ ಕಿತ್ತು ಅಳಿಯನ ಅಂಗೈಯಲ್ಲಿಟ್ಟರು. ಬಹಳ ಸಂಧಾನದ ತರುವಾಯ ತೂತುಬಿದ್ದ ಕೌದಿಗಳು ಸಂಗೀತಕ್ಕೂ ಅಖಂಡವಾದವು ಸಂತತಿಗೂ ಎಂದು ವಿಭಾಗವಾಯಿತು.

ತಂದೆಯಾದ ಮೇಲೆ ಅವನು ಕುಮಾರರನ್ನು ಬಿಟ್ಟು ಗಂಗೂಬಾಯಿ ಹಾನಗಲ್ಲರನ್ನು ಉದಾಹರಿಸತೊಡಗಿದನು. ಗಂಗೂಬಾಯಿಯವರು 1913 ರಲ್ಲಿ ಹುಟ್ಟಿದವರು. ಹದಿಹರೆಯದಲ್ಲಿಯೇ ಸಂಸಾರ ಹೊತ್ತು ಮೂರು ಮಕ್ಕಳನ್ನು ಸಾಕುತ್ತ, ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತು, ಮತ್ತೆ ರೈಲು ಹಿಡಿದು ಮನೆಗೆ ಮರಳಿದವರು. 1930 ರ ದಶಕದಲ್ಲಿ ಗಾಂಧಾರಿ ಎಂಬ ಹೆಸರಿನಿಂದ ಅವರ ಗ್ರಾಮಫೋನ್ ತಟ್ಟೆಗಳು ಹೊರಟವು. ಆ ಕಾಲದ ತಟ್ಟೆಗೆ ಒಂದು ಮಗ್ಗುಲಿಗೆ ಮೂರು ಮಿನಿಟಿನಷ್ಟು ಅವಕಾಶ. ರಾಗವನ್ನು ಅಷ್ಟರಲ್ಲಿಯೇ ಅರಳಿಸಿ ಮುಗಿಸಬೇಕು, ನಡುವೆ ತಪ್ಪಿದರೆ ತಿದ್ದುವಂತಿಲ್ಲ, ಮೊದಲಿನಿಂದ ಹಾಡಬೇಕು. ನಮ್ಮ ಗಂಧರ್ವನಾದರೋ ಒಂದು ಸಾಲನ್ನು ನಾಲ್ಕು ತುಂಡು ಮಾಡಿ ಹಾಡಿ, ಕಂಪ್ಯೂಟರಿನಲ್ಲಿ ಜೋಡಿಸಿ, ಬೆಸುಗೆ ಕಾಣದಂತೆ ಉಜ್ಜುವವನು; ಕೆಳಗಿನ ಶೆಡ್ಡಿನಲ್ಲಿ ನಡೆಯುವುದೂ ಬಹುಮಟ್ಟಿಗೆ ಅದೇ ಕೆಲಸ. “ಗಂಗೂಬಾಯಿಯವರೂ ಮಕ್ಕಳನ್ನ ಇಟಗೊಂಡೇ ಹಾಡಿದ್ದು” ಎಂದು ಅವನು ಒಂದು ದಿನ ನಿಟ್ಟುಸಿರಿಟ್ಟಾಗ, ಒಳಗಿನಿಂದ ಮಡದಿಯ ಧ್ವನಿ ಬಂದಿತು: “ಹೌದ್ರಿ, ಅವರು ಹಾಡೂ ಹಾಡಿದ್ರು, ಮಕ್ಕಳನ್ನೂ ಜ್ವಾಪಾನ ಮಾಡಿದ್ರು. ನೀವು ಎರಡರಾಗ ಯಾವದಾದ್ರೂ ಒಂದ ನೆಟ್ಟಗ ಮಾಡ್ರಿ.” ಆ ದಿನ ಗುಟ್ಟಿಯನ್ನು ಅವನೇ ತೇದನೆಂದು ಕೇಳಿದೆ.

ಇನ್ನು ನನ್ನ ಮುಖ್ಯವಾದ ದೂರಿಗೆ ಬರುತ್ತೇನೆ. ಹಗಲೆಲ್ಲ ಸುತ್ತಿಗೆ, ಗ್ರೈಂಡರು, ಲೇಥುಗಳ ಅಧಿಕಾರ. ಆದಕಾರಣ ಧ್ವನಿಮುದ್ರಣಕ್ಕೆ ರಾತ್ರಿಯೇ ಗತಿ. ಅವನ ಬಳಿಯಿರುವ ಕಂಡೆನ್ಸರ್ ಮೈಕು ಎಷ್ಟು ಸೂಕ್ಷ್ಮಗ್ರಾಹಿಯೆಂದರೆ ಗಂಟಲಿನ ಎಂಜಲು ನುಂಗಿದ್ದೂ ಅದಕ್ಕೆ ಕೇಳಿಸುತ್ತದೆ. ಹೃದಯದ ಹಾಡೊಂದರ ಮೂರನೆಯ ಚರಣವನ್ನು ಮುದ್ರಿಸುವ ರಾತ್ರಿ ಅವನ ಮನೆಯ ಫ್ಯಾನು, ಫ್ರಿಜ್ಜು, ಗೋಡೆ ಗಡಿಯಾರಗಳು ನಿಂತವು. ನಮ್ಮ ಮನೆಯ ನೀರೆತ್ತುವ ಮೋಟರು ನಿಂತಿತು. ನನ್ನ ಕೆಮ್ಮಿಗೂ ನಿಷೇಧಾಜ್ಞೆ ಜಾರಿಯಾಯಿತು. ಅಷ್ಟೇ ಆಗಿದ್ದರೆ ಸಹಿಸುತ್ತಿದ್ದೆನು. ತಾಯಿಗೆ ಎರಡು ತಾಸು ನಿದ್ದೆ ಬೇಕು, ಅಜ್ಜಿಗೆ ಮೊಳಕಾಲು ನೋವು, ಆದ್ದರಿಂದ ತೊಟ್ಟಿಲಿನ ಹಗ್ಗವನ್ನು ಯಾರು ಹಿಡಿಯಬೇಕೆಂಬ ಪ್ರಶ್ನೆ ಎದ್ದಾಗ, ನನ್ನ ಮನೆಯಾಕೆಯೇ ಮುಂದೆ ಬಂದು, “ಇವರನ್ನ ಕೂಡಸ್ರಿ, ಇವರ ತಾಸಿನ್ಯಾಗ ಹುಡುಗರೆಲ್ಲ ಮಲಗತಿದ್ರಂತ” ಎಂದಳು.

ಕೂತೆ. ಮಗು ಹಾಲು ಕುಡಿದು ಸುಖವಾಗಿ ಮಲಗಿತ್ತು. ಕೆಳಗೆ ಮಿಸ್ತ್ರಿ ಅಂದಿನ ಕೊನೆಯ ಬಾಗಿಲನ್ನು ತಟ್ಟಿ ಮುಗಿಸಿ ಶಟರು ಎಳೆದುಕೊಂಡು ಹೋದನು. ಪರಿಪೂರ್ಣವಾದ ನಿಶ್ಶಬ್ದ ಆವರಿಸಿತು. ಗಂಧರ್ವನು ಉಸಿರೆಳೆದುಕೊಂಡು ‘ಆ’ ಎಂದನು. ಅದೇ ಕ್ಷಣಕ್ಕೆ ತೊಟ್ಟಿಲಿನಲ್ಲಿ ಎರಡು ಕಣ್ಣುಗಳು ತೆರೆದವು, ಬಳಿಕ ಬಾಯಿ ತೆರೆಯಿತು. ಅವನು ನಿಲ್ಲಿಸಿದ, ನಾನು ತೂಗಿದೆ, ಅಮ್ಮ ಎದ್ದಳು, ಎತ್ತಿಕೊಂಡಳು, ಮಗು ಮಲಗಿತು, ಕೋಣೆ ಶಾಂತವಾಯಿತು, ಶಾಂತವಾದೊಡನೆ ಮಗು ಎದ್ದಿತು. ಕೊನೆಗೆ ಅಜ್ಜಿ ಕುಂಟುತ್ತ ಬಂದು, ಕಿವಿಗೊಟ್ಟು ನಿಂತು, “ಸಪ್ಪಳಾ ನಿಂತದ್ದಕ್ಕ ಎಚ್ಚರಾಗೇದ ನೋಡ್ರಿ ಕೂಸಿಗೆ” ಎಂದು ನಿದಾನ ಹೇಳಿ, ಅಡಿಗೆಮನೆಯಿಂದ ತಾಟು, ಸೌಟು ತಂದು ಠಣ್ ಠಣ್ ಎಂದು ಬಾರಿಸತೊಡಗಿದರು. ಎಳೆಗೂಸು ದಿನಕ್ಕೆ ಹದಿನಾಲ್ಕರಿಂದ ಹದಿನೇಳು ತಾಸು ಮಲಗುತ್ತದೆನ್ನುತ್ತಾರೆ. ಈ ಕೂಸು ಹುಟ್ಟಿದಂದಿನಿಂದ ಅವುಗಳಲ್ಲಿ ಬಹುಭಾಗವನ್ನು ಡೆಂಟಿಂಗಿನ ಸುತ್ತಿಗೆಯ ಮೇಲ್ಗಡೆಯೇ ಮಲಗಿದೆ. ತಾಟಿನ ನಾದ ಕಿವಿಗೆ ಬಿದ್ದದ್ದೇ ತಡ, ಮುಷ್ಟಿ ಸಡಿಲಿಸಿ ಗಾಢವಾಗಿ ನಿದ್ರಿಸಿತು. ತರ್ಕಶಾಸ್ತ್ರದಲ್ಲಿ ಅನ್ಯೋನ್ಯಾಶ್ರಯವೆಂಬ ದೋಷವೊಂದಿದೆ. ಹಾಡಬೇಕಾದರೆ ಮಗು ಮಲಗಬೇಕು. ಮಗು ಮಲಗಬೇಕಾದರೆ ತಾಟು ಬಾರಿಸಬೇಕು. ತಾಟು ಬಾರಿಸಿದರೆ ಹಾಡುವಂತಿಲ್ಲ. ಹಗ್ಗ ಹಿಡಿದ ಕೈ ಮರಗಟ್ಟುವವರೆಗೂ ನನಗೆ ಇದರ ಪರಿಹಾರ ಹೊಳೆಯಲಿಲ್ಲ.

ಹೊಳೆದದ್ದು ಅವನಿಗೇ. ಮರುದಿನ, ಸೂರ್ಯಪ್ರಕಾಶಕ್ಕೂ ಒಡ್ಡದೆ ಕಾಪಾಡಿಕೊಂಡಿದ್ದ ಆ ಮೈಕನ್ನು ಕುಂಚಿಗೆಯಲ್ಲಿ ಸುತ್ತಿಕೊಂಡು ಶೆಡ್ಡಿಗಿಳಿದು, ಮಿಸ್ತ್ರಿಯು ಟೆಂಪೋ ಒಂದರ ಬಾಗಿಲನ್ನು ತಟ್ಟುವುದನ್ನು ಒಂದು ತಾಸು ಮುದ್ರಿಸಿದನು. ಅದನ್ನು ತೊಟ್ಟಿಲ ಬಳಿ ಮೆಲ್ಲಗೆ ಹಚ್ಚಿ, ಬಾಗಿಲಿಗೆ ಸಂಗೀತಪಾಲಿನ ಕೌದಿಗಳನ್ನೆಲ್ಲ ಇಳಿಬಿಟ್ಟು, ಮೂರನೆಯ ಚರಣವನ್ನು ಹಾಡಿ ಮುಗಿಸಿದನು. ಕಿವಿಗೊಟ್ಟು ಕೇಳಿದರೆ ಆ ಚರಣದ ಹಿಂದೆ ಎಲ್ಲಿಯೋ ಸುತ್ತಿಗೆಯೊಂದು ಕೇಳಿಸುತ್ತದೆ. ಅದು ಉದ್ದೇಶಪೂರ್ವಕವಾದ ಪ್ರಯೋಗವೆಂದು ಈಗ ಹೇಳುತ್ತಾನೆ.

ನ್ಯಾಯವಾಗಿ ನುಡಿಯುವುದಾದರೆ, ಬೆಳಗಿನ ಜಾವದಲ್ಲಿ ನಿದ್ರೆ ಬಾರದೆ ನಾನು ಅಂಗಳಕ್ಕೆ ಬಂದಾಗ ಮೇಲಿನ ಗಚ್ಚಿಯ ಮೇಲೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಅವನು ಅತ್ತಿಂದಿತ್ತ ನಡೆದಾಡುವುದನ್ನು ಕಂಡಿದ್ದೇನೆ. ಆಗ ಅವನು ಗುನುಗುವುದೂ ಅದೇ ‘ತಾನನಾ ನಾನನಾ’. ನನ್ನ ಊಟವನ್ನು ಕೆಡಿಸಿದ ಆ ಅಕ್ಷರಗಳಲ್ಲಿ ಆ ಹೊತ್ತಿಗೆ ಏನೂ ಕೊರತೆಯಿದ್ದಂತೆ ತೋರುವುದಿಲ್ಲ. ಮಗುವಿಗಂತೂ ಮೂರಕ್ಷರದ ಶಬ್ದ ಬೇಕಾಗಿಲ್ಲ. ನಮ್ಮ ನಾಡಿನ ಜೋಗುಳಗಳನ್ನು ಕಟ್ಟಿದ ತಾಯಂದಿರಿಗೆ ಸ್ಟುಡಿಯೋ ಇರಲಿಲ್ಲ, ಏಕಾಂತವಿರಲಿಲ್ಲ, ಹಾಡಿನ ಕೆಳಗೆ ಹೆಸರು ಬರೆದುಕೊಳ್ಳುವ ಹಂಬಲವೂ ಇರಲಿಲ್ಲ. ಒಂದು ಕೈ ಬೀಸುಕಲ್ಲಿನ ಮೇಲೆ, ಒಂದು ಕೈ ತೊಟ್ಟಿಲ ಹಗ್ಗದ ಮೇಲೆ, ಗದ್ದಲದ ನಡುವೆಯೇ ಅಲ್ಲವೇ ಅವು ಹುಟ್ಟಿ ಬೆಳೆದು ನಮ್ಮವರೆಗೆ ಬಂದದ್ದು? ಕಲೆಯೆಂಬುದು... ಇದೇನು, ನಾನು ಕೀರ್ತನೆಗೆ ನಿಂತುಬಿಟ್ಟೆನಲ್ಲ! ಅಷ್ಟು ಮೃದುವಾಗಬೇಕಾದ ಕಾರಣವಿಲ್ಲ. ಮೊನ್ನೆಯ ಸಂಗತಿ ಕೇಳಿರಿ.

ಹೆಂಚಿನ ಕೆಲಸ ಮುಗಿದು ತಾಯಿ, ಮಗು, ಅಜ್ಜಿ ಮೂವರೂ ಖಾನಾಪುರಕ್ಕೆ ಹೋದರು. ಮಲಪ್ರಭೆಯ ದಂಡೆ, ಸುತ್ತಲೂ ಅಡವಿ, ದಾರಿಯ ಮೇಲೆ ಸಂಜೆಯಾದರೆ ಮನುಷ್ಯರ ಸುಳಿವಿಲ್ಲ. ಮುದ್ರಣಕ್ಕೆ ಅದಕ್ಕಿಂತ ಪ್ರಶಸ್ತವಾದ ಸ್ಥಳ ಜಿಲ್ಲೆಯಲ್ಲಿಲ್ಲ, ಮಗುವಿನ ನಿದ್ದೆಗೆ ಅದಕ್ಕಿಂತ ಪ್ರತಿಕೂಲವಾದದ್ದೂ ಇಲ್ಲ. ಮೊದಲ ರಾತ್ರಿಯೇ ಅತ್ತೆಯವರ ಫೋನು ಬಂದಿತು. ಇವನು ಒಂದು ತಾಸಿನ ಆ ಸುತ್ತಿಗೆಯನ್ನು ಮೊಬೈಲಿನಲ್ಲಿ ಕಳಿಸಿಕೊಟ್ಟನು. ಮಳೆ ಸುರಿಯುವ ಆ ಊರಿನಲ್ಲಿ ನಡುರಾತ್ರಿ ಟೆಂಪೋದ ಬಾಗಿಲು ಬಡಿಯುವ ಸಪ್ಪಳ ಕೇಳಿ ನೆರೆಯವರು ಕಂದೀಲು ಹಿಡಿದು ವಿಚಾರಿಸಲು ಬಂದರಂತೆ. ಅವನ ಕೃತಿಗಳಲ್ಲಿ ಮೊದಲಿನಿಂದ ಕಡೆಯವರೆಗೆ ಪೂರ್ತಿಯಾಗಿ, ಅದೂ ಪ್ರತಿರಾತ್ರಿ, ಕೇಳಲ್ಪಡುತ್ತಿರುವುದು ಇದೊಂದೇ.

ಆದರೆ ತಾಸು ಮುಗಿದೊಡನೆ ಕೂಸು ಏಳುತ್ತದೆ. ಎರಡನೆಯ ಭಾಗ ಬೇಕೆಂದು ಖಾನಾಪುರದಿಂದ ಒತ್ತಾಯ. ಆದಕಾರಣ ಮೊನ್ನೆ ಅವನು ಮತ್ತೆ ಶೆಡ್ಡಿಗಿಳಿದು, ಈ ಸಲ ನಡುವೆ ಬೀಡಿಗೆಂದು ನಿಲ್ಲದೆ, ಒಂದೇ ಲಯದಲ್ಲಿ, ಮೂರು ತಾಸು ತಟ್ಟಿಕೊಡಬೇಕೆಂದು ಮಿಸ್ತ್ರಿಯನ್ನು ಬೇಡಿಕೊಳ್ಳುತ್ತಿರುವಾಗ ನಾನೂ ಅಲ್ಲಿದ್ದೆ. ಮಿಸ್ತ್ರಿಯು ಸುತ್ತಿಗೆಯನ್ನು ಕೆಳಗಿಟ್ಟು, ಕೈ ಒರೆಸಿಕೊಂಡು, ಮೊದಲನೆಯ ಭಾಗವನ್ನು ಎಷ್ಟು ಜನ ಕೇಳಿದ್ದಾರೆಂದು ವಿಚಾರಿಸಿದನು. ಒಬ್ಬಳೇ, ಆದರೆ ದಿನಾಲೂ ಕೇಳುತ್ತಾಳೆ ಎಂದ ಗಂಧರ್ವ. ಮಿಸ್ತ್ರಿ ಸ್ವಲ್ಪ ಹೊತ್ತು ಆಲೋಚಿಸಿ ಅಂದನು: “ತಟ್ಟತೇನ್ರಿ. ಆದರ ಹೆಸರು ಹಾಕೂಮುಂದ ನಂದು ಮೊದಲ ಬರಬೇಕು, ನಿಮ್ಮದು ಕೆಳಗ.”

ಗಂಧರ್ವನು ಇದಕ್ಕೆ ಇನ್ನೂ ಒಪ್ಪಿಲ್ಲ. ಮಾತುಕತೆ ನಡೆದಿದೆ.