ಆನೆಯ ಊಟಕ್ಕೆ ಸುಣ್ಣದ ಲೆಕ್ಕ

ಚನ್ನಪಟ್ಟಣ ತಾಲ್ಲೂಕಿಗೆ ಬರುವ ಆನೆಗಳಿಗೆ ರಾಗಿ, ಹಲಸಿನ ರುಚಿ ಹತ್ತಿ ವರ್ಷಗಳೇ ಆದವು. ಕಾಡಿನೊಳಗೇ ಮೇವು ಬೆಳೆದು ಬಡಿಸಿದರೆ ತಾಲ್ಲೂಕಿನ ಹೊಂಗನೂರು ಸೀಮೆಯವರು ನೆಮ್ಮದಿಯಾಗಿ ಮಲಗಬಹುದು ಎಂಬ ವಾದ ನನಗೂ ಒಪ್ಪಿಗೆಯೇ. ಆದರೆ ಅಡುಗೆಗೆ ಮೊದಲು ಒಲೆ ನೋಡಬೇಕಲ್ಲ, ಮೇವಿಗೆ ಮೊದಲು ಮಣ್ಣು! ಕೆಂಪು ಮಣ್ಣಿನ ಪಿಎಚ್ 5.5ಕ್ಕಿಂತ ಇಳಿದಿದ್ದರೆ ಅಲ್ಯೂಮಿನಿಯಂ ಕರಗಿ ಬೇರು ಮೊಟಕಾಗುತ್ತದೆ, ಹಾಕಿದ ರಂಜಕ ಗಿಡಕ್ಕೆ ದಕ್ಕುವುದಿಲ್ಲ. ಅದಕ್ಕೇ ಮಣ್ಣು ಪರೀಕ್ಷೆ ಮಾಡಿಸಿ, ಬಿತ್ತನೆಗೆ ಎರಡು ಮೂರು ತಿಂಗಳು ಮೊದಲೇ ಹುಳಿ ತಗ್ಗಿಸುವ ಕೃಷಿ ಸುಣ್ಣ ಬೆರೆಸಬೇಕು. ರಾಗಿ ಹುಳಿ ಮಣ್ಣನ್ನೂ ತಾಳುತ್ತದಲ್ಲ ಎನ್ನುವಿರಿ. ತಾಳೀತು, ಆದರೆ ದ್ವಿದಳ ಮೇವಿನ ಬೇರುಗಂಟಿನ ಜೀವಾಣುಗಳಿಗೆ ಆ ಸೈರಣೆ ಕಡಿಮೆ. ಇಷ್ಟೆಲ್ಲ ಬೆಳೆದ ಮೇವನ್ನು ತಿಂದೂ ಆನೆ ಊರಿಗೆ ಬಂದರೆ? ದಿನಕ್ಕೆ ಸುಮಾರು 150 ಕಿಲೋ ಮೇಯುವ ಅತಿಥಿ ಸಾಕೆಂದು ಕೈತೊಳೆಯುತ್ತಾನೆಂದು ಯಾರೂ ಬರೆದುಕೊಟ್ಟಿಲ್ಲ. ಆದ್ದರಿಂದ ಮೇವಿನ ತಾಕು ಊರಿಂದ ದೂರವಿರಲಿ, ಬೇಲಿ ಕಂದಕಗಳೂ ಇರಲಿ, ಸುಣ್ಣದ ಖರ್ಚು ಮಾತ್ರ ರೈತನ ತಲೆಗೆ ಕಟ್ಟಬೇಡಿ.