ಬ್ಲಾಗಾರಂಭಕ್ಕೆ ಮುಹೂರ್ತ ಕೇಳುವವರಿಗೆ

ನಿವೃತ್ತರಾದವರು ಮೊದಲ ತಿಂಗಳು ಮನೆಯ ಸೋರುವ ನಲ್ಲಿಗಳನ್ನೆಲ್ಲ ಸರಿಮಾಡಿಸುತ್ತಾರೆ. ಎರಡನೆಯ ತಿಂಗಳು ಕಾಶಿಗೆ ಹೋಗಿ ಬರುತ್ತಾರೆ. ಮೂರನೆಯ ತಿಂಗಳು ನನಗೆ ಫೋನ್ ಮಾಡಿ, "ಒಂದು ಬ್ಲಾಗ್ ಶುರು ಮಾಡೋಣ ಅಂತಿದೀನಿ, ಏನಂತೀರಿ?" ಎನ್ನುತ್ತಾರೆ. ನಿವೃತ್ತರಷ್ಟೇ ಅಲ್ಲ; ಪ್ರೇಮ ಮುರಿದುಬಿದ್ದ ಹುಡುಗರು, ಮೊದಲ ಸಲ ಹಿಮ ಬೀಳುವುದನ್ನು ಕಂಡ ಸಾಫ್ಟ್‌ವೇರ್ ದಂಪತಿಗಳು, ಮಗಳ ಬಾಣಂತನಕ್ಕೆಂದು ನ್ಯೂಜೆರ್ಸಿಗೆ ಹೋಗಿ ಕಿಟಕಿ ನೋಡುತ್ತ ಕೂತ ಅಮ್ಮಂದಿರು, ಎಲ್ಲರದೂ ಇದೇ ಪ್ರಶ್ನೆ. ನನ್ನದೂ ಒಂದು ಬ್ಲಾಗ್ ಇದೆ, ಅದನ್ನಿನ್ನೂ ಮುಚ್ಚಿಲ್ಲ ಎಂಬುದನ್ನು ಬಿಟ್ಟರೆ ಸಲಹೆ ಕೊಡಲು ನನಗೆ ಬೇರೆ ಅರ್ಹತೆಯಿಲ್ಲ. ಆದರೆ ಕನ್ನಡಿಗನಿಗೆ ಸಲಹೆ ಕೊಡಲು ಅರ್ಹತೆ ಬೇಕು ಅಂತ ಯಾರು ಹೇಳಿದ್ದು?

"ಈಗ ರೀಲ್ಸ್ ಕಾಲ, ಬ್ಲಾಗ್ ಯಾರ್ರೀ ಓದ್ತಾರೆ?" ಎನ್ನುವವರೂ ಇದ್ದಾರೆ. ಯಾರೂ ಓದುವುದಿಲ್ಲ. ಶುರು ಮಾಡಲು ಇದಕ್ಕಿಂತ ಒಳ್ಳೆಯ ಕಾಲ ಸಿಗದು ಎಂದು ನಾನು ಹೇಳುವುದು ಅದಕ್ಕೇ. 2007-08ರ ಸುಮಾರಿಗೆ ಕನ್ನಡದಲ್ಲಿ ಬ್ಲಾಗುಗಳ ಜಾತ್ರೆಯೇ ನೆರೆದಿತ್ತು. ಎಲ್ಲರೂ ಬರೆಯುವುದರಲ್ಲಿದ್ದರು, ಓದಲು ಯಾರಿಗೂ ಪುರುಸೊತ್ತಿರಲಿಲ್ಲ. ಒಬ್ಬರ ಕವಿತೆಯ ಕೆಳಗೆ ಇನ್ನೊಬ್ಬರು "ಸೂಪರ್ ಸರ್, ಮನ ತಟ್ಟಿತು, ಬಿಡುವಾದಾಗ ನನ್ನ ಬ್ಲಾಗಿಗೂ ಬನ್ನಿ" ಎಂದು ಅರಿಶಿನ ಕುಂಕುಮಕ್ಕೆ ಕರೆದು ಹೋಗುತ್ತಿದ್ದರು. ಕರೆದವರ ಮನೆಗೆ ಹೋಗದಿದ್ದರೆ ಮುಂದಿನ ಕವಿತೆಗೆ ಸೂಪರ್ ಇಲ್ಲ. ಈಗ ಆ ಋಣಭಾರವೆಲ್ಲ ಹರಿದುಹೋಗಿದೆ. ಜಾತ್ರೆ ಮುಗಿದ ಬಯಲಿನಲ್ಲಿ ನೀವು ಆರಾಮಾಗಿ ಕಾಲು ಚಾಚಬಹುದು.

ಮೊದಲ ತೊಡಕು ಹೆಸರಿನದು. ಭಾವ, ಮೌನ, ಇಬ್ಬನಿ, ತೀರ, ಪಯಣ. ಈ ಐದರಲ್ಲಿ ಯಾವ ಎರಡನ್ನು ಹಿಂದುಮುಂದಾಗಿ ಜೋಡಿಸಿದರೂ ಒಂದು ಕನ್ನಡ ಬ್ಲಾಗಿನ ಹೆಸರಾಗುತ್ತದೆ. ಮೌನಪಯಣ, ಭಾವತೀರ, ಇಬ್ಬನಿಯ ಮೌನ. ಲೆಕ್ಕ ಹಾಕಿದರೆ ಒಟ್ಟು ಇಪ್ಪತ್ತಾಗುತ್ತವೆ, ಇಪ್ಪತ್ತನ್ನೂ ಯಾರೋ ಆಗಲೇ ಹಿಡಿದಿರುತ್ತಾರೆ ಎಂದು ಧಾರಾಳವಾಗಿ ಊಹಿಸಬಹುದು. ಪರಿಚಿತರೊಬ್ಬರು ಹೆಸರು ಹುಡುಕಲೆಂದೇ ಒಂದು ಚಾತುರ್ಮಾಸ್ಯ ಕಳೆದರು. ಕೊನೆಗೆ ಹೆಸರು ಸಿಕ್ಕಿತು, ಆ ಹೊತ್ತಿಗೆ ಬರೆಯುವ ಆಸೆ ಹೋಗಿತ್ತು. ನಿಮ್ಮ ಹೆಸರನ್ನೇ ಇಡಿ. ನಾಮಕರಣ ನಿಮ್ಮ ತಾತ ಆಗಲೇ ಮಾಡಿದ್ದಾರೆ.

ಇನ್ನು ಖರ್ಚು. ಬ್ಲಾಗರ್ ಎಂಬ ತಾಣವನ್ನು 1999ರಲ್ಲಿ ಪೈರಾ ಲ್ಯಾಬ್ಸ್ ಎಂಬ ಪುಟ್ಟ ಕಂಪನಿ ಶುರು ಮಾಡಿತು, 2003ರಲ್ಲಿ ಗೂಗಲ್ ಕೊಂಡುಕೊಂಡಿತು. ವರ್ಡ್‌ಪ್ರೆಸ್ ಹುಟ್ಟಿದ್ದೂ ಅದೇ ವರ್ಷ. ಎರಡರಲ್ಲೂ ಬಿಟ್ಟಿಯಾಗಿ ಜಾಗ ಸಿಗುತ್ತದೆ. ಕನ್ನಡದಲ್ಲಿ ಬರೆಯಬೇಕು ಎನ್ನುವವರಿಗೆ ಬಿಟ್ಟಿ ಎಂಬುದು ಸಾಮಾನ್ಯ ಸೌಲಭ್ಯವಲ್ಲ.

ಖರ್ಚಿಲ್ಲದಿದ್ದರೂ ಅಪಾಯವಿದೆ. ನಿಮ್ಮಲ್ಲಿ ಯಾರಾದರೂ ಹಳೆಯ ಲೇಖನಗಳನ್ನು ಹಿಂದೆಂದೋ ಡಿಟಿಪಿ ಮಾಡಿಸಿ ಸಿಡಿಯಲ್ಲಿ ಇಟ್ಟುಕೊಂಡಿದ್ದರೆ, ಆ ಕಡತವನ್ನು ತೆರೆದು ಹಾಗೇ ನಕಲು ಮಾಡಿ ಬ್ಲಾಗಿಗೆ ಅಂಟಿಸಬೇಡಿ. 'ನುಡಿ' ತಂತ್ರಾಂಶದ ಹಳೆಯ ಅಕ್ಷರಶೈಲಿಗಳಲ್ಲಿ ಕನ್ನಡದ ತುಂಡುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಅಡಗಿ ಕೂತಿರುತ್ತವೆ. ಅಕ್ಷರಶೈಲಿ ತಪ್ಪಿತೋ, ಅಡಗಿದ್ದವರೆಲ್ಲ ವೇಷ ಕಳಚಿ ಹೊರಬರುತ್ತಾರೆ. 'ಕನ್ನಡ' ಎಂಬ ಒಂದು ಪದವನ್ನೇ ಅಂಟಿಸಿ ನೋಡಿ. ಮೊದಲು ಇಂಗ್ಲಿಷಿನ ಪಿ, ಪಕ್ಕದಲ್ಲಿ ತಲೆಯ ಮೇಲೆ ಓರೆ ಗೀಟು ಇಟ್ಟುಕೊಂಡ ಫ್ರೆಂಚ್ ಎ, ಅದರಾಚೆ ಸಾಕ್ಷಾತ್ ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಎ, ಆಮೇಲೊಂದು ಜರ್ಮನ್ ಅಕ್ಷರ, ಕೊನೆಗೆ ಕ್ಯೂ, ಮತ್ತದೇ ಗೀಟಿನ ಎ. ಕನ್ನಡದ ಬ್ಲಾಗಿನಲ್ಲಿ ನಿಮಗೆ ಪೌಂಡು ಕಾಣುವ ಸಂದರ್ಭ ಇದೊಂದೇ. ಯುನಿಕೋಡಿಗೆ ಪರಿವರ್ತಿಸುವ ಸಾಧನಗಳು ಬಿಟ್ಟಿಯಾಗಿಯೇ ಇವೆ, ಒಮ್ಮೆ ಅದರೊಳಗೆ ಹಾಯಿಸಿ ತಂದರೆ ಸಾಕು.

ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶ 1998ರಲ್ಲಿ ಬಂದಾಗ, ಇಂಗ್ಲಿಷ್ ಕೀಲಿಮಣೆಯಲ್ಲಿ ದೊಡ್ಡ ಎಲ್ ಒತ್ತಿ ಳಕಾರ ಮೂಡಿಸಿದ ನನ್ನ ಓರಗೆಯವರಿಗೆ ಆದ ರೋಮಾಂಚನ ಈಗಿನವರಿಗೆ ತಿಳಿಯದು. ಈಗ ಫೋನಿಗೆ ಬಾಯಲ್ಲಿ ಹೇಳಿದರೂ ಅದೇ ಬರೆದುಕೊಳ್ಳುತ್ತದೆ. ಹೇಳಿದ ಮೇಲೆ ಒಮ್ಮೆ ಓದಿಕೊಳ್ಳಿ ಅಷ್ಟೆ. ನಮ್ಮ ಬೀದಿಯವರೊಬ್ಬರು ತಮ್ಮ ಮದುವೆಯ ನೆನಪುಗಳನ್ನು ಹೀಗೆ ಹೇಳಿ ಬರೆಸಿದಾಗ 'ಅತ್ತೆಯವರು' ಉದ್ದಕ್ಕೂ 'ಕತ್ತೆಯವರು' ಆಗಿದ್ದರು. ಗೌರವದ ಬಹುವಚನ ಮಾತ್ರ ಹಾಗೇ ಉಳಿದಿತ್ತು.

ಎಲ್ಲ ಸಿದ್ಧವಾದ ಮೇಲೆ ಬರುವುದು ಮೊದಲ ಬರಹ. ಅದನ್ನು ನೀವು ತೋರಿಸದೆಯೇ ನಾನು ಓದಬಲ್ಲೆ: "ಬಹಳ ದಿನಗಳಿಂದ ಬ್ಲಾಗ್ ಆರಂಭಿಸಬೇಕೆಂಬ ತುಡಿತವಿತ್ತು. ಇಂದು ಆ ಸುದಿನ ಕೂಡಿಬಂದಿದೆ. ನಿಮ್ಮ ಪ್ರೋತ್ಸಾಹವಿರಲಿ." ಎರಡನೆಯದು ಮಳೆಯ ಬಗ್ಗೆ. ಮೂರನೆಯದು ಬಾಲ್ಯದ ಮಳೆಯ ಬಗ್ಗೆ. ನಾಲ್ಕನೆಯದು "ಕೆಲಸದ ಒತ್ತಡದಿಂದ ಇಷ್ಟು ದಿನ ಬರೆಯಲಾಗಲಿಲ್ಲ, ಕ್ಷಮೆಯಿರಲಿ." ಐದನೆಯದು ಯುಗಾದಿ ಶುಭಾಶಯ. ಆಮೇಲೆ ಶಾಂತಂ ಪಾಪಂ. ಯಾವುದಾದರೂ ಹಳೆಯ ಕನ್ನಡ ಬ್ಲಾಗಿನ ಬಲಬದಿಯಲ್ಲಿ ವರ್ಷವಾರು ಪಟ್ಟಿ ನೋಡಿ. 2008ರ ಮುಂದೆ ಆವರಣದಲ್ಲಿ 61, 2009ಕ್ಕೆ 22, 2010ಕ್ಕೆ 4, 2011ಕ್ಕೆ 1. ಆ ಒಂದು ಯಾವುದೆಂದು ತೆರೆದು ನೋಡಿದರೆ, "ಮತ್ತೆ ಬಂದಿದ್ದೇನೆ, ಇನ್ನು ಮುಂದೆ ನಿಯಮಿತವಾಗಿ ಬರೆಯುತ್ತೇನೆ." ವೀರಗಲ್ಲು ನೆಟ್ಟ ಹಾಗಿರುತ್ತದೆ. ಬರೆಯದಿದ್ದುದಕ್ಕೆ ಕ್ಷಮೆ ಕೇಳುವ ಬರಹವನ್ನು ಮಾತ್ರ ದಯವಿಟ್ಟು ಬರೆಯಬೇಡಿ. ನೀವು ಬರೆಯಲಿಲ್ಲ ಎಂಬುದು ಯಾರ ಗಮನಕ್ಕೂ ಬಂದಿರಲಿಲ್ಲ, ಆ ಕ್ಷಮಾಪಣೆಯಿಂದಲೇ ಗೊತ್ತಾಗುವುದು.

ಹಾಗಾದರೆ ಏನು ಬರೆಯಬೇಕು? ಇದೊಂದಕ್ಕೆ ನನ್ನ ಬಳಿ ಉತ್ತರವಿದೆ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಗೆಳೆಯರೊಬ್ಬರು ಬ್ಲಾಗಿನಲ್ಲಿ ಮಳೆಯನ್ನು ಕುರಿತು ಕವಿತೆ ಬರೆಯುತ್ತಿದ್ದರು. ಮಳೆ ಅವರ ಊರಿನಲ್ಲಿ ಕಡಿಮೆ ಬೀಳುವುದಿಲ್ಲ, ಹಾಗಾಗಿ ಕವಿತೆಗೂ ಬರವಿರಲಿಲ್ಲ. ಓದುಗರಿಗೆ ಮಾತ್ರ ಇತ್ತು. ಒಂದು ದಿನ ಬೇಸತ್ತು, ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಮಾಡಿಕೊಳ್ಳುವುದು ಹೇಗೆಂದು ಬರೆದುಹಾಕಿದರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಿಕೊಳ್ಳಬೇಕು, ಕಬ್ಬಿಣದ ಪಾತ್ರೆ ಕೂಡದು. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕಲಕಬೇಕೇ ಹೊರತು ತಿರುಗಾಮುರುಗಾ ಅಲ್ಲ. ಆಮೇಲೆ ತಿಕ್ಕಿ ತೊಳೆದ ಕಬ್ಬಿಣದ ಚಾಕುವನ್ನು ಅದರಲ್ಲಿ ಅದ್ದಿ ತೆಗೆಯಬೇಕು. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದರ್ಥ, ಇನ್ನಷ್ಟು ಹಾಕಬೇಕು. ಮುಂಗಾರು ಹಿಡಿಯುವ ಮೊದಲು ಒಮ್ಮೆ, 40-45 ದಿನ ಬಿಟ್ಟು ಇನ್ನೊಮ್ಮೆ ಗೊನೆಗೆ ಹೊಡೆಯಬೇಕು. ಇಷ್ಟೇ. ಜೊತೆಗೆ ಆ ಚಾಕುವಿನ ಫೋಟೋ ಒಂದು.

ಈಗ ಪ್ರತಿ ಮೇ-ಜೂನ್ ಬಂತೆಂದರೆ ಅವರ ಬ್ಲಾಗಿಗೆ ಶಿರಸಿಯಿಂದ, ಸುಳ್ಯದಿಂದ, ಕೊಪ್ಪದಿಂದ ಜನ ಬರುತ್ತಾರೆ. ಗೂಗಲ್‌ನಲ್ಲಿ 'ಕೊಳೆರೋಗ ಸುಣ್ಣ ಎಷ್ಟು' ಎಂದು ಹುಡುಕಿಕೊಂಡು ಬಂದವರು. ಬಂದವರಲ್ಲಿ ಕೆಲವರು ದ್ರಾವಣ ಕಲಕಿ ಕೈತೊಳೆದು ಬಂದು ಪಕ್ಕದ ಮಳೆಯ ಕವಿತೆಯನ್ನೂ ಓದಿದ್ದಾರೆ. ಒಬ್ಬರು "ಕವಿತೆಯೂ ಅಡ್ಡಿಲ್ಲ" ಎಂದು ಬರೆದಿದ್ದಾರೆ. ಮಲೆನಾಡಿನಲ್ಲಿ ಅಡ್ಡಿಲ್ಲ ಎಂದರೆ ಅಕಾಡೆಮಿ ಪ್ರಶಸ್ತಿಗೆ ಸಮ.

ಪತ್ರಿಕೆ ಬಾಗಿಲಿಗೆ ಬಂದು ಬೀಳುತ್ತದೆ, ವಾಟ್ಸ್ಯಾಪ್ ಜೇಬಿಗೇ ಬಂದು ಬೀಳುತ್ತದೆ. ಬ್ಲಾಗಿಗೆ ಮಾತ್ರ ಓದುಗ ತಾನಾಗಿ, ಏನನ್ನೋ ಹುಡುಕಿಕೊಂಡು ನಡೆದು ಬರಬೇಕು. ಮಳೆಯ ಬಗ್ಗೆ ತಿಳಿಯಬೇಕೆಂದು ಯಾರೂ ಹುಡುಕುವುದಿಲ್ಲ, ಕಿಟಕಿ ತೆಗೆದರೆ ಸಾಕು. ಹಾಗಾಗಿ ನಿವೃತ್ತರೇ, ಜೀವನದ ಸಾರ್ಥಕತೆಯ ಬಗ್ಗೆ ಬರೆಯಬೇಡಿ. ಮೂವತ್ತು ವರ್ಷ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿದ್ದಿರಲ್ಲ, ಸೈಟು ಕೊಳ್ಳುವವನು ಋಣಭಾರ ಪತ್ರದಲ್ಲಿ ಯಾವ ಸಾಲನ್ನು ಮೊದಲು ಓದಬೇಕು, ಅದನ್ನು ಬರೆಯಿರಿ. ನ್ಯೂಜೆರ್ಸಿಯ ಅಮ್ಮಂದಿರೇ, ಹಿಮದ ವರ್ಣನೆ ಸಾಕು. ಅಲ್ಲಿನ ಚಳಿಯಲ್ಲಿ ದೋಸೆ ಹಿಟ್ಟು ಹುದುಗಬೇಕಾದರೆ ಓವನ್ ಹಚ್ಚದೆ ಅದರೊಳಗಿನ ದೀಪ ಮಾತ್ರ ಹಚ್ಚಿ ರಾತ್ರಿಯಿಡೀ ಇಡಬೇಕು ಎಂದು ಕಂಡುಕೊಂಡಿದ್ದೀರಲ್ಲ, ಮುಂದಿನ ವಿಮಾನದಲ್ಲಿ ಬರುವ ಬಾಣಂತಿಯ ತಾಯಿಗೆ ಬೇಕಾಗಿರುವುದು ಅದು. ಪ್ರೇಮ ಮುರಿದ ಹುಡುಗರಿಗೆ ನನ್ನ ಬಳಿ ಸಲಹೆಯಿಲ್ಲ. ಅವರು ಬರೆದೇ ತೀರುತ್ತಾರೆ.

ಓದುಗರ ಲೆಕ್ಕ ತೋರಿಸುವ ಪುಟವನ್ನು ಆದಷ್ಟು ನೋಡದಿರುವುದು ಲೇಸು. ಅಲ್ಲಿ ಕಾಣುವ ಭೇಟಿಗಳಲ್ಲಿ ಅರ್ಧ ನಿಮ್ಮವೇ. 'ನನ್ನ ಭೇಟಿ ಎಣಿಸಬೇಡ' ಎಂದು ಹೇಳಲು ಅಲ್ಲೇ ಒಂದು ಗುಂಡಿಯಿದೆ, ಅದನ್ನು ಒತ್ತುವ ಧೈರ್ಯವಿರುವವರನ್ನು ನಾನು ಹೆಚ್ಚು ಕಂಡಿಲ್ಲ. ಇನ್ನೊಬ್ಬರು ತಮ್ಮ ಬರಹವನ್ನು ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂ ಎಂಬ ಊರಿನಲ್ಲಿ ಯಾರೋ ಕನ್ನಡಿಗರು ನಡುರಾತ್ರಿ ಎದ್ದು ತಪ್ಪದೆ ಓದುತ್ತಾರೆಂದು ಬೀಗುತ್ತಿದ್ದರು. ಅದು ಗೂಗಲ್ ಕಂಪನಿಯ ಊರು. ಬಂದು ಹೋಗುತ್ತಿದ್ದುದು ಲೋಕದ ಪುಟಗಳನ್ನೆಲ್ಲ ತಡಕಾಡುವ ಅದರ ಯಂತ್ರ. ನಾನು ಹೇಳಲು ಹೋಗಲಿಲ್ಲ. ಸಾಯಂಕಾಲ ಅವರು ಅಷ್ಟು ಖುಷಿಯಾಗಿ ಕಾಫಿ ಕೊಡುತ್ತಿದ್ದಾಗ ಯಾಕೆ ಬೇಕು?

ಓದುಗರೇ ಇಲ್ಲ ಎಂದು ಕೊರಗುವವರು ಸ್ಯಾಮ್ಯುಯೆಲ್ ಪೀಪ್ಸ್‌ನನ್ನು ನೆನೆಯಬೇಕು. ಲಂಡನ್ನಿನ ಈ ನೌಕಾ ಕಚೇರಿಯ ಅಧಿಕಾರಿ 1660ರ ಜನವರಿ 1ರಿಂದ ಒಂಬತ್ತು ವರ್ಷ ದಿನಚರಿ ಬರೆದ, ಅದೂ ಯಾರಿಗೂ ಸುಲಭಕ್ಕೆ ತಿಳಿಯದ ಶೀಘ್ರಲಿಪಿಯಲ್ಲಿ. 1666ರಲ್ಲಿ ಊರಿಗೆ ಬೆಂಕಿ ಬಿದ್ದಾಗ ತೋಟದಲ್ಲಿ ಗುಂಡಿ ತೆಗೆದು ತನ್ನ ಪಾರ್ಮೆಸಾನ್ ಚೀಸನ್ನು ಹೂತಿಟ್ಟನಂತೆ, ಅದನ್ನೂ ಬರೆದಿಟ್ಟಿದ್ದಾನೆ. ಅಚ್ಚಾಗಿದ್ದು 1825ರಲ್ಲಿ. 2003ರಿಂದ ಫಿಲ್ ಗೈಫರ್ಡ್ ಎಂಬವರು ಅದನ್ನು ದಿನಕ್ಕೊಂದು ಪುಟದಂತೆ ಬ್ಲಾಗಾಗಿ ಹಾಕತೊಡಗಿದ ಮೇಲೆ ಜನ ಆ ಚೀಸಿನ ಗತಿ ಏನಾಯಿತೆಂದು ಕೂತು ಚರ್ಚಿಸಿದರು. ಪೀಪ್ಸ್ ಬರೆಯುವುದನ್ನು ನಿಲ್ಲಿಸಿದ್ದು ಕಣ್ಣು ಹೋಗಿಬಿಡುತ್ತದೆಂಬ ಹೆದರಿಕೆಯಿಂದ. ಕೆಲಸದ ಒತ್ತಡದಿಂದಲ್ಲ.

ನಮ್ಮ ಹಿಂದಿನವರು ಸ್ವವಿಳಾಸದ ಲಕೋಟೆಗೆ ಅಂಚೆಚೀಟಿ ಹಚ್ಚಿ ಪತ್ರಿಕೆಗಳಿಗೆ ಕಥೆ ಕಳಿಸುತ್ತಿದ್ದರು. ಅದು 'ವಿಷಾದಗಳೊಂದಿಗೆ' ಎಂಬ ಚೀಟಿ ಹೊತ್ತು ಮರಳಿ ಬರುತ್ತಿತ್ತು. ಬ್ಲಾಗಿನಲ್ಲಿ ಆ ವಿಷಾದ ಇಲ್ಲ, ಆ ಸಂಪಾದಕನೂ ಇಲ್ಲ. ಹಾಗಾಗಿ ರಾತ್ರಿ ಹನ್ನೊಂದಕ್ಕೆ ಬರೆದು ಮುಗಿಸಿದ್ದನ್ನು ಹನ್ನೊಂದೂವರೆಗೆ ಪ್ರಕಟಿಸಬೇಡಿ. ಬೀಗರ ಬಗ್ಗೆ ಬರೆದಿದ್ದರಂತೂ ಖಂಡಿತ ಬೇಡ. ಊರೆಲ್ಲ ಬಿಟ್ಟರೂ ನಿಮ್ಮ ಬ್ಲಾಗನ್ನು ಬಿಡದೆ ಓದುವವರು ಬೀಗರೇ, ತಮ್ಮ ಹೆಸರು ಎಲ್ಲಾದರೂ ಬಂದಿದೆಯೇ ಎಂದು. ಕರಡಿನಲ್ಲಿ ಒಂದು ರಾತ್ರಿ ಮಲಗಿದ ಬರಹ ಬೆಳಿಗ್ಗೆ ನೋಡಿದಾಗ ಅರ್ಧಕ್ಕರ್ಧ ಇಳಿದಿರುತ್ತದೆ.

ದುಡ್ಡಿನ ವಿಷಯ ಕೇಳಬೇಡಿ. ಗೂಗಲ್ ಜಾಹೀರಾತಿನ ಗಳಿಕೆ ನೂರು ಡಾಲರ್ ಮುಟ್ಟುವ ತನಕ ಕೈಗೆ ಬರುವುದಿಲ್ಲ. ಕೆಲವರು ತಮ್ಮ ಖಾತೆಯನ್ನು ಮೊಮ್ಮಗನ ಹೆಸರಿಗೆ ಬರೆದಿಟ್ಟಿದ್ದಾರೆ ಎಂದು ಕೇಳಿದ್ದೇನೆ.

ಅದಕ್ಕಿಂತ ಮುಖ್ಯವಾದದ್ದು ಬರೆದದ್ದನ್ನು ಉಳಿಸಿಕೊಳ್ಳುವುದು. ಜಿಯೋಸಿಟೀಸ್ 2009ರಲ್ಲಿ ಬಾಗಿಲು ಹಾಕಿತು. ಹಗಲುರಾತ್ರಿ ಹರಟುತ್ತಿದ್ದ ಆರ್ಕುಟ್ 2014ರ ಸೆಪ್ಟೆಂಬರಿನಲ್ಲಿ ಹೋಯಿತು, ಗೂಗಲ್ ಪ್ಲಸ್ 2019ರ ಏಪ್ರಿಲಿನಲ್ಲಿ. ಅಲ್ಲಿ ಬರೆದವರಲ್ಲಿ ಎಷ್ಟೋ ಜನ ನಕಲು ಇಟ್ಟುಕೊಂಡಿರಲಿಲ್ಲ. ಬ್ಲಾಗರ್ ಇನ್ನೂ ಉಸಿರಾಡುತ್ತಿದೆ, ಆದರೆ ಯಾರ ಆಯುಷ್ಯಕ್ಕೂ ಜಾಮೀನಿಲ್ಲ. ಅದರ ಸೆಟ್ಟಿಂಗ್ಸ್‌ನಲ್ಲಿ ಇಡೀ ಬ್ಲಾಗನ್ನು ಒಂದೇ ಕಡತವಾಗಿ ಇಳಿಸಿಕೊಳ್ಳುವ ಸೌಲಭ್ಯವಿದೆ. ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ ಸ್ಕೂಟರಿಗೆ ಕುಂಕುಮ ಹಚ್ಚಿದ ಮೇಲೆ, ಆ ಕೆಲಸವನ್ನೂ ಮಾಡಿ ಮುಗಿಸಿ. ನಿಮ್ಮ ಬರಹ ಮುಂದೊಂದು ದಿನ ಯಾರೋ ದೊಡ್ಡ ಸಾಹಿತಿಯ ಹೆಸರು ಹೊತ್ತು ನಿಮ್ಮದೇ ಫ್ಯಾಮಿಲಿ ಗ್ರೂಪಿಗೆ ಫಾರ್ವರ್ಡ್ ಆಗಿ ಬಂದಾಗ, "ಇದು ನಂದು ಕಣ್ರೋ" ಎಂದು ತಾರೀಖು ಸಮೇತ ತೋರಿಸಲು ಬೇಕಾಗುತ್ತದೆ. ಆಗಲೂ ನಿಮ್ಮ ಭಾವಮೈದ ನಂಬುವುದಿಲ್ಲ, ಅದು ಬೇರೆ ಮಾತು.

ಇಷ್ಟು ಕೇಳಿದ ಮೇಲೂ ಆಸೆ ಉಳಿದಿದ್ದರೆ ಇವತ್ತೇ ಶುರು ಮಾಡಿ, ಮುಹೂರ್ತಕ್ಕೆ ಕಾಯಬೇಡಿ. ಒಂದೇ ವಿನಂತಿ: ಬರೆದ ಕೂಡಲೇ ಲಿಂಕನ್ನು ನನಗೆ ಕಳಿಸಬೇಡಿ, ಗ್ರೂಪುಗಳಿಗೂ ಹಾಕಬೇಡಿ, "ಓದಿದಿರಾ?" ಎಂದು ಫೋನಂತೂ ಮಾಡಲೇಬೇಡಿ. ಋಣಭಾರ ಪತ್ರ ನೋಡುವ ಗತಿ ನನಗೂ ಬಂದಾಗ ಹುಡುಕಿಕೊಂಡು ನಾನೇ ಬರುತ್ತೇನೆ.