‘ಸದರಿ ಬಳ್ಳಿ’ಯ ಹೇಳಿಕೆ

ಎಕ್ಕೆಯ ಕುಟುಂಬಕ್ಕೇ ಸೇರಿದ, ನೆಲದಡಿ ದುಂಡು ಗೆಡ್ಡೆಯಿಟ್ಟುಕೊಂಡು ಮಳೆಗಾಲದಲ್ಲಷ್ಟೇ ಮೇಲೆ ಹಬ್ಬುವ ಸೆರೊಪೀಜಿಯ ಬಲ್ಬೋಸ ಎಂಬ ಬಳ್ಳಿಯನ್ನು ಬಬಲೇಶ್ವರದ ಕಡೆಯ ಮಡ್ಡಿಯೊಂದರಲ್ಲಿ, ಅಂದರೆ ಮಣ್ಣು ತೆಳುವಾಗಿ ಗರಸು ಮೇಲೆದ್ದ ದಿಬ್ಬದಲ್ಲಿ, ಕಂಡಂತೆ ಕಲ್ಪಿಸಿ ಈ ಪ್ರಶ್ನೋತ್ತರವನ್ನು ದಾಖಲಿಸಲಾಗಿದೆ. ಕಚೇರಿ ಭಾಷೆ ರೂಢಿಯಾಗಿರುವ ಬಳ್ಳಿಯು ತನ್ನನ್ನು ‘ಸದರಿ ಬಳ್ಳಿ’ ಎಂದೇ ಕರೆದುಕೊಳ್ಳುತ್ತದೆ.

ಪ್ರಶ್ನೆ: ಸದ್ಯದ ವಿಳಾಸ?

ಬಳ್ಳಿ: ಬಿಜಾಪುರವು 2014ರ ನವೆಂಬರ್ 1ರಂದು ವಿಜಯಪುರವಾಯಿತು, ಬಳಿಕ ತಿಕೋಟಾ, ಬಬಲೇಶ್ವರಗಳು ತಾಲ್ಲೂಕುಗಳಾಗಿ ಬಡ್ತಿ ಪಡೆದವು, ಸದರಿ ಬಳ್ಳಿಯ ನೆಲ ಮಾತ್ರ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಇಂದಿಗೂ ‘ಖರಾಬು’, ಏಕೆಂದರೆ ಸಾಗುವಳಿಗೆ ಬಾರದ್ದು ಆ ಕಾಲಮಿಗೇ ಹೋಗತಕ್ಕದ್ದು.

ಪ್ರಶ್ನೆ: ಹೂವಿನೊಳಗೆ ನೊಣಗಳನ್ನು ಅಕ್ರಮವಾಗಿ ಕೂಡಿಹಾಕಲಾಗುತ್ತಿದೆ ಎಂಬ ದೂರಿದೆ.

ಬಳ್ಳಿ: ಕೂಡಿಹಾಕುವುದು ನಿಜ. ಬೆರಳ ಗೆಣ್ಣಿನಷ್ಟು ಉದ್ದದ ಹೂವು ಬುಡದಲ್ಲಿ ಉಬ್ಬಿದ ಕೊಳವೆ. ಅದರ ಐದು ಎಸಳುಗಳು ತುದಿಯಲ್ಲಿ ಕೂಡಿಕೊಂಡು ಪುಟ್ಟ ಪಂಜರವಾಗಿವೆ. ಒಳಗಿಳಿದ ಸಣ್ಣ ನೊಣವನ್ನು ಕೆಳಮುಖದ ಕೂದಲುಗಳು ಮೇಲೇರಗೊಡುವುದಿಲ್ಲ. ಆ ಕೂದಲು ಸೊರಗಿದಾಗ ನೊಣವು ಪರಾಗಪಿಂಡವನ್ನು, ಅಂದರೆ ಮುದ್ದೆಗಟ್ಟಿದ ಪರಾಗವನ್ನು, ಹೊತ್ತು ಹೊರಬೀಳುತ್ತದೆ. ಇಷ್ಟು ಬೇಗ ಜಾಮೀನು ಬೇರೆಲ್ಲಿ ಸಿಕ್ಕೀತು?

ಪ್ರಶ್ನೆ: ಕುಡುಗೋಲೇ ಶತ್ರುವೆ?

ಬಳ್ಳಿ: ಕುಡುಗೋಲಲ್ಲ, ಅದರ ತಾರೀಖು. ಕೊಂಬಿನಂಥ ಜೋಡಿಕಾಯಿ ಒಡೆದು, ಎಕ್ಕೆಯ ಬೀಜದಂತೆ ರೇಷ್ಮೆಕುಚ್ಚು ಹೊತ್ತ ಬೀಜಗಳು ಹಾರಿಹೋದ ಮೇಲೆ ಕರಡ ಹುಲ್ಲು ಕೊಯ್ದರೆ ತಕರಾರಿಲ್ಲ, ಅಷ್ಟೊತ್ತಿಗೆ ಸದರಿ ಬಳ್ಳಿ ಗೆಡ್ಡೆಗೆ ಮರಳಿರುತ್ತದೆ. ಅದಕ್ಕೆ ಮೊದಲೇ ಕೊಯ್ದರೆ ಆ ವರ್ಷದ ಸಂತಾನವೆಲ್ಲ ಬಣವಿಯ ಪಾಲು. ಗೆಡ್ಡೆ ತಿನ್ನಲು ಅಗೆಯುವವರೂ ಇದ್ದಾರೆ, ಆದರೆ ಬಳ್ಳಿಯ ಗುರುತಿರುವುದು ಅವರಿಗಷ್ಟೇ.

ಪ್ರಶ್ನೆ: ಗಿಡ ನೆಡುವುದಕ್ಕೂ ಆಕ್ಷೇಪಣೆಯೆ?

ಬಳ್ಳಿ: ಗೋಳಗುಮ್ಮಟದ ದಾರಿಯ ಬೇವಿನ ನೆರಳಿಗಿಲ್ಲ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಕಾಣುವ ಈ ಸೀಮೆಯ ಹುಲ್ಲುಗಾವಲನ್ನು ಮರ ಕಡಿದುಹೋದ ಕಾಡೆಂದೇ ತಿಳಿದು ಸಾಲುಗುಂಡಿ ತೋಡಿದಾಗ, ಗುದ್ದಲಿ ತಾಗುವುದು ಗೆಡ್ಡೆಗೆ. ತಿಕೋಟಾದ ದ್ರಾಕ್ಷಿಯೂ ಬಳ್ಳಿಯೇ ಅಲ್ಲವೆ? ಅದಕ್ಕೆ ಚಪ್ಪರ, ಔಷಧಿ, ಸಾಲ, ವಿಮೆ ಎಲ್ಲವೂ ಉಂಟು. ಏತ ನೀರಾವರಿಯಲ್ಲಿ ಕೃಷ್ಣೆಯೂ ಅದರ ಬುಡಕ್ಕೇ ಏರಿಬರುತ್ತಾಳೆ.

ಪ್ರಶ್ನೆ: ಬೇಡಿಕೆ?

ಬಳ್ಳಿ: ಗಾಯರಾಣದ, ಅಂದರೆ ಊರ ದನ ಮೇಯುವ ಸಾರ್ವಜನಿಕ ಜಮೀನಿನ, ಹುಲ್ಲಿನ ಲಿಲಾವು ಒಂದು ತಿಂಗಳು ತಡವಾಗಲಿ.

ಹೇಳಿಕೆಗೆ ಸಹಿ ಪಡೆಯುವಷ್ಟರಲ್ಲಿ ಸದರಿ ಬಳ್ಳಿಯು ಒಣಗಿ ನೆಲದೊಳಗೆ ಹೋದ ಕಾರಣ, ಮುಂದಿನ ವಿಚಾರಣೆಯನ್ನು ಮುಂಗಾರಿಗೆ ಮುಂದೂಡಲಾಗಿದೆ.